13 ಮೆಟ್ಟಿಲು, ಒಂದು ಲೀಟರ್ ನೀರಿನ ಎನಾಮೆಲ್

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪುರಸೊತ್ತಿದ್ದವರು ಮುಂದೆ ಓದಿ. ಮರದ ಮೆಟ್ಟಿಲಿಗೆ ನೀರಿನ ಎನಾಮೆಲ್, ಅಂದರೆ ಎಣ್ಣೆಯ ಬದಲು ನೀರು ಬೆರೆಸಿ ಹಚ್ಚುವ ಬಣ್ಣ, ಹಚ್ಚಬಹುದಾ? ಎದುರಿಗೆ ನಿಂತಿರುವ ಹಲಗೆಗೆ ಧಾರಾಳವಾಗಿ ಹಚ್ಚಿ. ಕಾಲಿಡುವ ಹಲಗೆಗೆ ಬೇಡ. ಇಷ್ಟು ತಿಳಿದುಕೊಳ್ಳಲು ನನ್ನ ಒಂದು ಇಡೀ ಬೇಸಿಗೆ ರಜೆ ಹೋಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ತಪ್ಪು ಡಬ್ಬಿಯದಲ್ಲ, ಹಚ್ಚಿದವಳದು. ಸ್ವಲ್ಪ ಮಟ್ಟಿಗೆ ಅಂಗಡಿಯವನದೂ ಹೌದು.

ನಮ್ಮದು ಕೊಪ್ಪಳದ ಹಳೇ ಮನೆ. ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು ಸಾಗವಾನಿಯದು, ಮಾವನವರ ಅಪ್ಪ ಮಾಡಿಸಿದ್ದು. ಸಾಗವಾನಿ ಅಂತ ಬಾಯಲ್ಲಿ ಹೇಳಬೇಕಷ್ಟೇ, ಕಣ್ಣಿಗೆ ಕಾಣುತ್ತಿರಲಿಲ್ಲ. ದೀಪಾವಳಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಆಯಿಲ್ ಪೇಂಟ್ ಬಳಿದಿದ್ದರು. ಮೇಲೆ ಕೆಂಪು, ಅದರ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು.

ಹೋದ ವರ್ಷ ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಮಾರನೇ ದಿನವೇ ಬಿಳಿ ಬಣ್ಣದ ಡಬ್ಬಿ ತಂದೆ. ನೀರಿನದೇ ಯಾಕೆ ಅಂದರೆ, ನಮ್ಮ ಮೆಟ್ಟಿಲ ಹತ್ತಿರ ಬೆಳಕು ಕಡಿಮೆ. ಬಿಳಿ ಆಯಿಲ್ ಪೇಂಟ್ ಕತ್ತಲಲ್ಲಿ ಬೇಗ ಹಳದಿಗೆ ತಿರುಗುತ್ತದೆ, ನೀರಿನದು ಹಾಗೆ ತಿರುಗುವುದಿಲ್ಲ. ವಾಸನೆಯೂ ಕಡಿಮೆ, ಬ್ರಷ್ ತೊಳೆಯಲು ಟರ್ಪಂಟೈನ್ ಬೇಡ. ಅಂಗಡಿ ಹುಡುಗನನ್ನು ಕೇಳಿದೆ, ಹಳೇ ಬಣ್ಣ ಉಜ್ಜಬೇಕಾ ಅಂತ. "ಏನೂ ಬೇಕಾಗಿಲ್ರಿ ಮೇಡಂ, ನೇರ ಹಚ್ರಿ" ಅಂದ. ನನಗೂ ಅದೇ ಉತ್ತರ ಬೇಕಾಗಿತ್ತು ಅನ್ನಿ.

ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಬ್ರಷ್ ಎರಡನೇ ಸಲ ಎಳೆಯುವಷ್ಟರಲ್ಲಿ ಬಣ್ಣ ಬಿಗಿದುಕೊಳ್ಳುತ್ತಿತ್ತು. ಎಳೆದ ಗೆರೆಗೆರೆ ಎಲ್ಲ ಹಾಗೇ ಉಳಿಯಿತು. ಅದನ್ನಾದರೂ ಸಹಿಸಬಹುದಿತ್ತು. ಎರಡು ದಿನ ಬಿಟ್ಟು ಅಂಚಿಗೆ ಅಂಟಿಸಿದ್ದ ಟೇಪ್ ಕಿತ್ತೆ ನೋಡಿ, ಟೇಪ್ ಜೊತೆ ಬಣ್ಣವೂ ಬಂತು. ಹಾಲಿನ ಕೆನೆ ಎತ್ತಿದ ಹಾಗೆ, ಮೊಳ ಉದ್ದ, ಒಂದೇ ಪಟ್ಟಿ. ಕೆಳಗೆ ಹಳೇ ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಹೊಳೆಯುವ ಆಯಿಲ್ ಪೇಂಟಿನ ಮೇಲೆ ನೀರಿನ ಬಣ್ಣಕ್ಕೆ ಹಿಡಿತವೇ ಸಿಗುವುದಿಲ್ಲ.

ಬೇಜಾರಾಗಿ ಮೂರು ದಿನ ಆ ಕಡೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಚಿತ್ರ ಬರೆಯುವ ಆಸೆಯೂ ಇತ್ತು, ಆಮೇಲೆ ಮರದ ಗೊಂಬೆಗಳನ್ನು ನೋಡಿ ಬರೋಣ ಅಂತ ನಮ್ಮ ಹತ್ತಿರದ ಕಿನ್ನಾಳಕ್ಕೆ ಹೋದೆ. ಅಲ್ಲಿಯ ಚಿತ್ರಗಾರರ ಕೆಲಸ ಎಲ್ಲರಿಗೂ ಗೊತ್ತು. ನಾನೂ ಎಷ್ಟೋ ಸಲ ನೋಡಿದ್ದೇನೆ, ಆದರೆ ಬರೀ ಬಣ್ಣ ನೋಡಿದ್ದೆ. ಈ ಸಲ ಬಣ್ಣದ ಕೆಳಗೆ ಏನಿದೆ ಅಂತ ನೋಡಿದೆ. ಹಗುರ ಮರ, ಸಂದುಗಳಿಗೆ ಹುಣಸೆ ಬೀಜದ ಅಂಟು ಮತ್ತು ಮರದ ಹುಡಿ, ಅದನ್ನೆಲ್ಲ ನಯ ಮಾಡಿ ಮೇಲೊಂದು ಬಿಳಿ ಲೇಪ. ಕೆಂಪು, ಹಸಿರು, ಹಳದಿ ಬರುವುದು ಅದಾದ ಮೇಲೆ. ಅಂಗೈಯಗಲದ ಗಿಣಿಗೇ ಇಷ್ಟು ಮಾಡುತ್ತಾರೆ, ನಾನು 13 ಮೆಟ್ಟಿಲಿಗೆ ನೇರ ಬಣ್ಣ ಬಳಿದಿದ್ದೆ!

ಮನೆಗೆ ಬಂದು ಉಜ್ಜಲು ಕೂತೆ. ಇಲ್ಲೊಂದು ಮಾತು. ಹಳೇ ಬಣ್ಣವನ್ನು ನೀರು ಹಾಕದೆ ಒಣಒಣ ಉಜ್ಜಬೇಡಿ, ಏಳುವ ಹುಡಿಯಲ್ಲಿ ವಿಷದ ಸೀಸ ಇರಬಹುದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಎಷ್ಟಿರುತ್ತದೋ ಯಾರಿಗೆ ಗೊತ್ತು. ಮಕ್ಕಳನ್ನು ತವರಿಗೆ ಕಳಿಸಿ, ಮಾಸ್ಕ್ ಹಾಕಿಕೊಂಡು, ನೀರಲ್ಲಿ ಅದ್ದುವ ಪಾಲಿಶ್ ಪೇಪರ್‌ನಿಂದ ಉಜ್ಜಿದೆ. ಮೊದಲು ಒರಟಾದ 80 ನಂಬರ್, ಆಮೇಲೆ 120, ಕೊನೆಗೆ ನಯವಾದ 220. ಎಂಟು ದಿನ. ಬಣ್ಣ ಹಚ್ಚಲು ಹಿಡಿದದ್ದು ಎರಡೇ ದಿನ.

ಎದುರು ಹಲಗೆಗಳಿಗೆ ಬಣ್ಣಕ್ಕೆ ಹಿಡಿತ ಕೊಡುವ ವುಡ್ ಪ್ರೈಮರ್ ಒಂದು ಕೋಟ್, ಮೇಲೆ ಅದೇ ಬಿಳಿ ಎನಾಮೆಲ್ ಎರಡು ಕೋಟ್. ಈ ಸಲ ಬೆಳಗಿನ ಆರಕ್ಕೇ ಶುರು ಮಾಡಿ ಒಂಬತ್ತಕ್ಕೆ ನಿಲ್ಲಿಸಿದೆ. ಫ್ಯಾನ್ ಬಂದ್. ಗೆರೆ ಬೀಳಲಿಲ್ಲ. ಬ್ರಷ್ ನೈಲಾನ್ ಕೂದಲಿನದೇ ಇರಲಿ, ಹಂದಿ ಕೂದಲಿನದು ನೀರು ಕುಡಿದು ಉಬ್ಬುತ್ತದೆ.

ಚಿತ್ರದ ವಿಷಯಕ್ಕೆ ಅತ್ತೆ ಬಂದರು. "ಕಾಲು ತಾಗೋ ಜಾಗದಾಗ ದೇವ್ರನ್ನ ಬರೀಬ್ಯಾಡವ್ವಾ." ಸರಿ, ಕಮಲ ಬರೀಲಾ? "ಅದರಾಗ ಲಕ್ಷ್ಮಿ ಕುಂದರ್ತಾಳ." ಆನೆ? "ಗಣಪ್ಪನ ಮಾರಿ ಅಲ್ಲೇನು?" ನವಿಲು? "ಷಣ್ಮುಖ ಎಲ್ಲಿ ಹೋಗಬೇಕು?" ಕೊನೆಗೆ ಬಳ್ಳಿ ಮತ್ತು ಗಿಣಿಗೆ ಒಪ್ಪಿಗೆ ಸಿಕ್ಕಿತು. ಗಿಣಿ ಮನ್ಮಥನ ವಾಹನ ಅಂತ ನನಗೆ ಗೊತ್ತಿತ್ತು. ಸುಮ್ನಿದ್ದೆ.

ಕಾಲಿಡುವ ಹಲಗೆಗಳದ್ದು ಬೇರೆ ಕಥೆ. ಮೊದಲು ಅವಕ್ಕೂ ಇದೇ ಎನಾಮೆಲ್, ಕಾಫಿ ಬಣ್ಣದ್ದು, ಪ್ರೈಮರ್ ಸಮೇತ ಎರಡು ಹಲಗೆಗೆ ಹಚ್ಚಿ ನೋಡಿದೆ. ತಿಂಗಳೊಳಗೆ ನಡುಮಧ್ಯ, ಕಾಲು ಬೀಳುವ ಜಾಗದಲ್ಲೇ ಮಂಕಾಗಿ ಗೀಚು ಬಿತ್ತು. ಅದನ್ನೂ ಉಜ್ಜಿ ತೆಗೆದೆ. ಈಗ 13ಕ್ಕೂ ಬಣ್ಣವಿಲ್ಲದ ಪಿಯು (ಪಾಲಿಯುರೆಥೇನ್ ವಾರ್ನಿಷ್), ಮೂರು ಕೋಟ್. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಹಾಗಾಗಿ ಹಚ್ಚುವ ಮೊದಲು ಬಟ್ಟೆಗೆ ಥಿನ್ನರ್ ಹಾಕಿ ಒರೆಸಲೇಬೇಕು. ಮೊದಲ ಕೋಟ್ ಬಿದ್ದಾಗ ಮರದ ನಾರು ಎದ್ದು ಕಂಡಿತು, ಜೇನಿನ ಬಣ್ಣ. ಮಾವನವರು ಬಂದು ಬಗ್ಗಿ ನೋಡಿ ಏನೂ ಹೇಳದೆ ಹೋದರು.

ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಚ್ಚಿದರೆ ಮನೆಯವರು ಓಡಾಡಬಹುದು ಅನ್ನುತ್ತಾರೆ. ಚೆನ್ನಾದ ಉಪಾಯವೇ. ಆದರೆ ರಾತ್ರಿ ಕರೆಂಟ್ ಹೋದರೆ ಎಣಿಸುವವರು ಯಾರು? ಕೊನೆಯ ಕೋಟ್ ಹಚ್ಚಿದ ರಾತ್ರಿ ಮಾವನವರು ನೀರಿಗೆ ಅಂತ ಕೆಳಗಿಳಿದರು. ಏಳನೇ ಮೆಟ್ಟಿಲ ಮೇಲೆ ಅವರ ಐದೂ ಬೆರಳು ಹಾಗೇ ಕೂತಿವೆ. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಹೆಬ್ಬೆರಳಿನ ಗೆರೆ ಕೂಡ ಕಾಣುತ್ತದೆ. ಉಜ್ಜಲು ಮನಸ್ಸು ಬರಲಿಲ್ಲ.

ಜಾರಬಾರದು ಅಂತ ಅಂಚಿಗೆ ಎರಡು ಬೆರಳಗಲ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ ಮೇಲೆ ಪಿಯು ಹಚ್ಚಿದ್ದೇನೆ. ಕಾಲಿಗೆ ಹಿಡಿತ ಸಿಗುತ್ತದೆ, ನಿಜ. ನೆಲ ಒರೆಸುವ ಬಟ್ಟೆಯ ದಾರವೂ ಅಲ್ಲೇ ಸಿಗುತ್ತದೆ. ಇನ್ನೊಮ್ಮೆ ಮಾಡಿದರೆ ಮರಳು ಅರ್ಧಕ್ಕೆ ಇಳಿಸುತ್ತೇನೆ.

ಈಗ ವರ್ಷದ ಮೇಲಾಯಿತು. ಬಿಳಿ ಬಿಳಿಯಾಗೇ ಇದೆ. ಮಕ್ಕಳ ಶೂ ತಾಗಿ ಕಪ್ಪು ಗೀರು ಬೀಳುತ್ತವೆ, ಸೋಪಿನ ನೀರಲ್ಲಿ ಒರೆಸಿದರೆ ಹೋಗುತ್ತವೆ. ನಾಲ್ಕನೇ ಮೆಟ್ಟಿಲ ಗಿಣಿಯ ಕೊಕ್ಕು ಮಾತ್ರ ಸವೆದಿದೆ, ಮಗ ದಿನಾ ಅಲ್ಲೇ ಒದ್ದು ಹತ್ತುತ್ತಾನೆ.

ಬಿಳಿ ಎನಾಮೆಲ್ ಎರಡು ಸಲ ಹಚ್ಚಿಯೂ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿದೆ. ಮುಚ್ಚಳ ಬಿಗಿ ಮಾಡಿ ತಲೆಕೆಳಗಾಗಿ ಇಟ್ಟಿದ್ದೇನೆ. ಅತ್ತೆ ಅದರ ಮೇಲೆ ಕಣ್ಣಿಟ್ಟಿದ್ದಾರೆ, ಅಡುಗೆಮನೆ ಕಪಾಟಿನ ಬಾಗಿಲಿಗಂತೆ. ಉಜ್ಜಿ ಕೊಡಿ, ಹಚ್ಚಿ ಕೊಡ್ತೀನಿ ಅಂದಿದ್ದೇನೆ.