ಪಾಸ್ಟರ್ ರಾಜೀನಾಮೆ ಕೊಡುವ ದಿನ ಬರುವ ಮೊದಲೇ ನಿಮ್ಮ ಸಭೆಯ ಬೈಲಾ (ನಿಯಮಾವಳಿ) ತೆಗೆದು ಓದಿ

ಸ್ವತಂತ್ರ ಸಭೆಗಳಿಗೆ, ಅಂದರೆ ಮೇಲೆ ಬಿಷಪ್ ಇಲ್ಲದ ಚರ್ಚುಗಳಿಗೆ ಹೋಗುವವರಿಗೆ, ಅದರಲ್ಲೂ ಕಮಿಟಿಯಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ, ಕಥೋಲಿಕರಿಗೆ ಈ ತೊಂದರೆ ಇಷ್ಟಾಗಿ ಬರುವುದಿಲ್ಲ. ಅಲ್ಲಿ ಅಯ್ಯನವರನ್ನೋ ಫಾದರನ್ನೋ ಕಳಿಸುವುದು ಮೇಲಿನಿಂದ, ಬಿಡುಗಡೆ ಮಾಡುವುದೂ ಮೇಲಿನಿಂದಲೇ. ನಮ್ಮಂಥ ಕಡೆ ಪಾಸ್ಟರನ್ನು ಕರೆಯುವುದು, ಅಂದರೆ ಆರಿಸಿ ನೇಮಿಸುವುದು ಸಭೆ. ಹಾಗಾದರೆ ಅವರು ಬಿಡುತ್ತೇನೆ ಅಂದಾಗ ‘ಆಯ್ತು’ ಅನ್ನಬೇಕಾದವರು ಯಾರು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಮ್ಮ ಸಭೆ ಎರಡಾಯಿತು. ಆಗ ನಾನು ಕಮಿಟಿಯಲ್ಲಿದ್ದೆ. ಊರು, ಹೆಸರು ಹೇಳುವುದಿಲ್ಲ. ಎರಡೂ ಕಡೆ ನನ್ನವರೇ ಇದ್ದಾರೆ, ಕೇಸೂ ನಡೆಯುತ್ತಿದೆ.

ನಮ್ಮ ಪಾಸ್ಟರ್ 11 ವರ್ಷ ಸೇವೆ ಮಾಡಿದವರು. ನನ್ನ ಮಗಳಿಗೆ ದೀಕ್ಷಾಸ್ನಾನ ಕೊಟ್ಟವರು, ನನ್ನ ಅಪ್ಪ ತೀರಿಕೊಂಡಾಗ ರಾತ್ರಿಯಿಡೀ ನಮ್ಮ ಮನೆಯಲ್ಲಿ ಕೂತಿದ್ದವರು. ಫೆಬ್ರುವರಿಯ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕಟ್ಟಡದ ಲೆಕ್ಕದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಅವರು ಸೀದಾ ಒಳಗೆ ಹೋದರು. ಸಂಡೇ ಸ್ಕೂಲ್ ಮಕ್ಕಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನಿಂತಲ್ಲೇ ನಾಲ್ಕು ಸಾಲು ಬರೆದರು. ಈಸ್ಟರ್ ಆದ ಮೇಲೆ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಿ, ಅಂತ. ತಾರೀಕಿಲ್ಲ. ಯಾರಿಗೆ ಅಂತ ಬರೆದಿಲ್ಲ. ಸೆಕ್ರೆಟರಿ ಅದನ್ನು ನಾಲ್ಕಾಗಿ ಮಡಚಿ ಬೈಬಲ್ ಕವರಿನೊಳಗೆ ಇಟ್ಟು ಜಿಪ್ ಎಳೆದರು. ಎಲ್ಲರೂ ಸುಮ್ನೆ ಮನೆಗೆ ಹೋದೆವು.

ಗುರುವಾರ ಪಾಸ್ಟರ್ ಸೆಕ್ರೆಟರಿಗೆ ಫೋನ್ ಮಾಡಿ, ‘ಸಿಟ್ಟಿನಲ್ಲಿ ಬರೆದುಬಿಟ್ಟೆ, ವಾಪಸ್ ತಗೋತಿದ್ದೀನಿ’ ಅಂದರು. ಬಾಯಲ್ಲಿ ಹೇಳಿದರು, ಬರೆದು ಕೊಡಲಿಲ್ಲ. ಶನಿವಾರ ರಾತ್ರಿ ಕಮಿಟಿಯ ನಾಲ್ಕು ಜನ ಒಬ್ಬರ ಮನೆಯಲ್ಲಿ ಸೇರಿದರು. ರಾಜೀನಾಮೆ ಅಂಗೀಕಾರ ಆಗಿದೆ ಅಂತ ತೀರ್ಮಾನ ಬರೆದರು. ನಮ್ಮದು 9 ಜನರ ಕಮಿಟಿ, ಕೋರಂ (ಮೀಟಿಂಗಿಗೆ ಕನಿಷ್ಠ ಇರಬೇಕಾದವರು) 5. ಆ ಐದನೆಯ ಸಹಿ ನನ್ನದು. ರಾತ್ರಿ ನಾನು ಅಲ್ಲಿ ಇರಲೇ ಇಲ್ಲ. ಬೆಳಿಗ್ಗೆ ಆರಾಧನೆಗೆ ಮುಂಚೆ, ಗಾಡಿ ನಿಲ್ಲಿಸುವ ಜಾಗದಲ್ಲಿ, ಬೈಕಿನ ಸೀಟಿನ ಮೇಲೆ ಮಿನಿಟ್ಸ್ ಪುಸ್ತಕ ಬಿಚ್ಚಿ ‘ಬ್ರದರ್, ಇಲ್ಲೊಂದು ಸೈನ್’ ಅಂದರು. ಓದದೆ ಹಾಕಿದೆ. ಇರದ ಮೀಟಿಂಗಿನಲ್ಲಿ ಇದ್ದೆ ಅಂತ ಸಹಿ ಹಾಕುವುದು ಸುಳ್ಳು. ಆಮೇಲೆ ಇಡೀ ಸಭೆಯ ಮುಂದೆ ನಿಂತು ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದೇನೆ. ಆದರೆ ಆ ಸಹಿ ಈಗಲೂ ಕೋರ್ಟಿನ ಫೈಲಿನಲ್ಲಿ ಹಾಗೇ ಇದೆ.

ಅವತ್ತು ಪ್ರಕಟಣೆಗಳ ಹೊತ್ತಿಗೆ ಸೆಕ್ರೆಟರಿ ಎದ್ದು ವಿಷಯ ಓದಿದರು. ಪಾಸ್ಟರ್ ಪ್ರಸಂಗಪೀಠದ ಪಕ್ಕದಲ್ಲೇ ಕೂತಿದ್ದರು. ಅವರಿಗೂ ಅದು ಹೊಸ ಸುದ್ದಿ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ‘ಯಾರನ್ನ ಕೇಳಿ?’ ಅಂದರು. ಅಲ್ಲಿದ್ದವರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ನಮ್ಮ ಬೈಲಾ ಎಲ್ಲಿತ್ತು ಅಂದರೆ ಖಜಾಂಚಿಯ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಜಾಗದ ಪತ್ರಗಳ ಕೆಳಗೆ. ಟೈಪ್ ಮಾಡಿದ ಹಾಳೆಗಳು, ಕಾರ್ಬನ್ ಕಾಪಿ. ಅದನ್ನು ಹೊರಗೆ ತೆಗೆದದ್ದು ಜಗಳ ಶುರುವಾಗಿ ಎರಡು ವಾರ ಆದ ಮೇಲೆ. ಒಂದು ಕಡೆ ‘ಸಭೆಯ ಆಡಳಿತವನ್ನು ಕಮಿಟಿ ನಡೆಸತಕ್ಕದ್ದು’ ಅಂತ ಇದೆ. ಇನ್ನೊಂದು ಕಡೆ ‘ಸಭಾಪಾಲಕರನ್ನು ಹಾಜರಿರುವ ಸದಸ್ಯರ ಮೂರನೇ ಎರಡು ಭಾಗದ ಮತದಿಂದ ಕರೆಯತಕ್ಕದ್ದು’ ಅಂತ ಇದೆ. ಸಭಾಪಾಲಕರು ಅಂದರೆ ಪಾಸ್ಟರೇ. ಅವರು ಬಿಡುವಾಗ ಏನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಕಮಿಟಿ ಕಡೆಯವರು ಮೊದಲ ಸಾಲನ್ನು ಹಿಡಿದರು, ಪಾಸ್ಟರ್ ಕಡೆಯವರು ಎರಡನೆಯದನ್ನು ಹಿಡಿದರು. ಇಷ್ಟು ವರ್ಷ ಒಂದೇ ಪಾತ್ರೆಯ ಕರ್ತನ ಭೋಜನ ತೆಗೆದುಕೊಂಡವರು ಎರಡು ಸಾಲಿಗೆ ಎರಡು ಪಕ್ಷ ಆದರು.

ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು. ‘ಇಲ್ಲಿ ಹೇಳದ ವಿಷಯಗಳಲ್ಲಿ ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್ ಅನ್ವಯಿಸತಕ್ಕದ್ದು.’ ಸಭೆ ಶುರು ಮಾಡಿದ ಹಿರಿಯರು ಯಾವುದೋ ಅಮೆರಿಕನ್ ಮಿಷನ್ನಿನ ನಿಯಮಾವಳಿ ನೋಡಿ ಬರೆದುಕೊಂಡದ್ದು ಅಂತ ಕಾಣುತ್ತದೆ. ಅದು ಮೀಟಿಂಗ್ ಹೇಗೆ ನಡೆಸಬೇಕು ಅನ್ನುವ ನಿಯಮಗಳ ಪುಸ್ತಕ. ನಮ್ಮಲ್ಲಿ ಅದನ್ನು ಕಣ್ಣಿಂದ ನೋಡಿದವರು ಒಬ್ಬರೂ ಇರಲಿಲ್ಲ. ನಿಮ್ಮ ಬೈಲಾದಲ್ಲೂ ಈ ಸಾಲು ಇದೆಯಾ, ಇವತ್ತೇ ನೋಡಿ. ಇದ್ದರೆ ಆ ಪುಸ್ತಕ ನಿಮ್ಮ ಸಭೆಯ ನಿಯಮವೇ. ‘ಗೊತ್ತಿರಲಿಲ್ಲ’ ಅಂದರೆ ಯಾರೂ ಕೇಳುವುದಿಲ್ಲ.

ಆ ಪುಸ್ತಕ ಹುಟ್ಟಿದ್ದೇ ಒಂದು ಚರ್ಚ್ ಮೀಟಿಂಗಿನ ಗಲಾಟೆಯಿಂದ. ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕದ ಸೈನ್ಯದಲ್ಲಿ ಎಂಜಿನಿಯರ್. 1863ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮೀಟಿಂಗ್ ನಡೆಸಿಕೊಡಿ ಅಂತ ಅವರನ್ನು ಕೂರಿಸಿದರು. ಹೇಗೆ ನಡೆಸಬೇಕು ಅಂತ ಅವರಿಗೆ ಗೊತ್ತಿರಲಿಲ್ಲ, ಮೀಟಿಂಗ್ ಕೈ ಮೀರಿತು. ನಿಯಮ ಕಲಿಯದೆ ಇನ್ನು ಯಾವ ಮೀಟಿಂಗಿಗೂ ಹೋಗಬಾರದು ಅಂತ ಅವರು ಹಟ ಹಿಡಿದು ಓದಿದರು. 1876ರಲ್ಲಿ ಪುಸ್ತಕ ಬಂತು. ಇದನ್ನು ಓದಿದಾಗ ನನಗೆ ಕಣ್ಣು ತುಂಬಿತು. ನಮ್ಮ ಹಾಗೇ ಒಂದು ಚರ್ಚಿನ ಹಾಲ್, ನಮ್ಮ ಹಾಗೇ ದಾರಿ ಗೊತ್ತಿಲ್ಲದ ಒಬ್ಬ ಮನುಷ್ಯ.

ರಾಜೀನಾಮೆ ಬಗ್ಗೆ ಅದು ಹೇಳುವುದು ತುಂಬಾ ಸರಳ. ರಾಜೀನಾಮೆ ಅಂದರೆ ‘ನನ್ನನ್ನು ಈ ಹೊಣೆಯಿಂದ ಬಿಡಿ’ ಅನ್ನುವ ಕೋರಿಕೆ. ಬೈಲಾ ಬೇರೆ ಹೇಳದಿದ್ದರೆ, ಆ ಜಾಗಕ್ಕೆ ಆರಿಸುವ ಅಧಿಕಾರ ಯಾರಿಗಿದೆಯೋ ಅಂಗೀಕರಿಸುವ ಅಧಿಕಾರವೂ ಅವರದ್ದೇ. ಕೋರಿಕೆಯನ್ನು ಅಧ್ಯಕ್ಷರು ಮತಕ್ಕೆ ಅಂತ ಮೀಟಿಂಗಿನ ಮುಂದೆ ಇಡುವ ತನಕ, ಕೊಟ್ಟವರು ತಾವಾಗಿಯೇ ವಾಪಸ್ ತೆಗೆದುಕೊಳ್ಳಬಹುದು. ಮುಂದೆ ಇಟ್ಟ ಮೇಲೆ ಮೀಟಿಂಗಿನ ಒಪ್ಪಿಗೆ ಬೇಕು. ಅಂಗೀಕಾರ ಆಗಿ ಅವರಿಗೆ ತಿಳಿಸಿಯೂ ಆದರೆ ಮುಗಿಯಿತು. ಆ ತೀರ್ಮಾನವನ್ನು ರದ್ದು ಮಾಡಲು ಬರುವುದಿಲ್ಲ, ಬೇಕಿದ್ದರೆ ಹೊಸದಾಗಿ ಕರೆಯಬೇಕು. ನಮ್ಮಲ್ಲಿ ಕರೆಯುವುದು ಸಭೆ ತಾನೇ? ಅಂದರೆ ನಾಲ್ಕು ಜನ ಒಂದು ಡ್ರಾಯಿಂಗ್ ರೂಮಿನಲ್ಲಿ ಅಂಗೀಕರಿಸಿದ್ದು ಅಂಗೀಕಾರವೇ ಅಲ್ಲ. ಇದು ಫೆಬ್ರುವರಿಯಲ್ಲಿ ಒಬ್ಬರಿಗೆ ಗೊತ್ತಿದ್ದರೂ ಸಾಕಿತ್ತು.

2019ರ ಜುಲೈ ನೆನಪಿದೆ ಅಲ್ವಾ? ನಮ್ಮ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟಾಗ ದಿನವಿಡೀ ಟಿವಿ ಮುಂದೆ ಕೂತಿದ್ದೆವು. ಪತ್ರ ಕೊಟ್ಟರೆ ಸಾಲದು, ಅದು ಸ್ವಇಚ್ಛೆಯದ್ದಾ, ನಿಜವಾದದ್ದಾ ಅಂತ ಸ್ಪೀಕರ್ ನೋಡಬೇಕು ಅಂತ ಸಂವಿಧಾನದ 190ನೇ ವಿಧಿಯಲ್ಲೇ ಇದೆ. ನಮ್ಮ ಸಭೆಯ ಹುಡುಗರಿಗೂ ಆಗ ಅದು ಬಾಯಿಪಾಠ ಆಗಿತ್ತು. ನಮ್ಮದೇ ಪಾಸ್ಟರ್ ಸಿಟ್ಟಿನಲ್ಲಿ ಹಾಳೆ ಹರಿದು ಬರೆದಾಗ, ಇದು ನಿಮ್ಮ ಮನಸ್ಸಿನ ಮಾತಾ ಅಂತ ಅವರನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟು ಕೇಳಿದವರು ಯಾರೂ ಇಲ್ಲ. ಇದು ನನ್ನನ್ನು ಇವತ್ತಿಗೂ ಸುಡುತ್ತದೆ.

ಇನ್ನು ಜನರಲ್ ಬಾಡಿ ಮೀಟಿಂಗ್, ಅಂದರೆ ಎಲ್ಲ ಸದಸ್ಯರ ಮೀಟಿಂಗ್. ನಿಜವಾಗಿ ಸಭೆ ಮುರಿದದ್ದು ಅಲ್ಲಿ. ವಿಶೇಷ ಮೀಟಿಂಗಿಗೆ 14 ದಿನದ ನೋಟಿಸ್ ಕೊಡಬೇಕು, ಎರಡು ಭಾನುವಾರ ಓದಿ ಹೇಳಬೇಕು ಅಂತ ನಮ್ಮ ಬೈಲಾ. ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಮುಂಚೆ ಒಂದು ಮೆಸೇಜ್ ಹಾಕಿದರು. ‘ಸಭೆಯ ಮುಖ್ಯ ವಿಷಯಗಳು’ ಅಂತ ಇತ್ತೇ ಹೊರತು ರಾಜೀನಾಮೆ ಅನ್ನುವ ಪದವೇ ಇರಲಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ವಯಸ್ಸಾದವರಿಗೆ ಗೊತ್ತೇ ಆಗಲಿಲ್ಲ. ನೋಟಿಸ್ ಇರುವುದು ಬರಲಾಗದವರ ಹಕ್ಕು ಕಾಯುವುದಕ್ಕೆ. ಹಾಗಾಗಿ ಬಂದವರೆಲ್ಲ ಸೇರಿ ‘ಪರವಾಗಿಲ್ಲ, ನಡೆಸೋಣ’ ಅಂದರೂ ಅದು ಸರಿಹೋಗುವುದಿಲ್ಲ.

ಬೈಲಾ ಪ್ರಕಾರ ಪಾಸ್ಟರೇ ಅಧ್ಯಕ್ಷರು. ತಮ್ಮ ರಾಜೀನಾಮೆಯ ಮೀಟಿಂಗಿಗೆ ಅವರೇ ಅಧ್ಯಕ್ಷರಾಗಿ ಕೂತರು. ತಮ್ಮೊಬ್ಬರದೇ ವಿಷಯ ಬಂದಾಗ ಅಧ್ಯಕ್ಷರು ಕುರ್ಚಿ ಬಿಟ್ಟು ಇನ್ನೊಬ್ಬರಿಗೆ ಕೊಡಬೇಕು. ಯಾರೂ ಹೇಳಲಿಲ್ಲ, ಗೌರವ ಅಡ್ಡ ಬಂತು. ಕೋರಂ ಸದಸ್ಯರ ಮೂರನೇ ಒಂದು ಭಾಗ. ರಿಜಿಸ್ಟರಿನಲ್ಲಿ 212 ಹೆಸರು. ಅದರಲ್ಲಿ ನನ್ನ ಅಪ್ಪನ ಹೆಸರೂ ಇತ್ತು. ದುಬೈಗೆ ಹೋದವರು, ಮದುವೆಯಾಗಿ ಬೇರೆ ಸಭೆ ಸೇರಿದವರು, ಎಲ್ಲರೂ ಇದ್ದರು. ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡವರ ಹೆಸರು ಮಾತ್ರ ಇರಲಿಲ್ಲ.

ಮತ ಅಂದರೆ ಕೈ ಎತ್ತುವುದು. ಬೆಂಚುಗಳ ನಡುವೆ ಓಡಾಡಿ ಇಬ್ಬರು ಎಣಿಸಿದರು. ಪಾಸ್ಟರ್ ಇರಲಿ ಅನ್ನುವ ಕೈಗಳು ಮೊದಲ ಸಲ 61, ಎರಡನೇ ಸಲ 58, ಮೂರನೇ ಸಲ 64. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ, ಆರನೇ ಕ್ಲಾಸಿರಬೇಕು, ಅಮ್ಮನ ಕೈ ನೋಡಿ ತಾನೂ ಕೈ ಎತ್ತಿದ್ದ. ಅಮ್ಮ ಇಳಿಸಿದಾಗ ಇಳಿಸಿದ. ಅವನನ್ನು ಎಣಿಸಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವಿಧಾನಸಭೆಯಲ್ಲಿ ನಿಯಮ ತಪ್ಪಿದೆ ಅನ್ನಲು ‘ಕ್ರಿಯಾಲೋಪ’ ಅಂತ ಎದ್ದು ನಿಲ್ಲುತ್ತಾರಲ್ಲ, ನಮ್ಮಲ್ಲಿ ಹಾಗೆ ಎದ್ದು ನಿಂತು, ಕೋರಂ ಇಲ್ಲ, ನೋಟಿಸ್ ಸರಿಯಿಲ್ಲ, ಚೀಟಿಯಲ್ಲಿ ಮತ ತೆಗೆಯಿರಿ ಅಂತ ಹೇಳುವ ಹಕ್ಕು ಪ್ರತಿ ಸದಸ್ಯನಿಗೂ ಇತ್ತು. ಅಲ್ಲಿ ಎದ್ದು ಮಾತಾಡಿದರೆ ದೇವರ ಸೇವಕರ ವಿರುದ್ಧ ಮಾತಾಡಿದ ಹಾಗೆ ಅಂತ ಅಂದುಕೊಂಡು ಕೂತೆವು. ‘ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ ನಡೆಯಲಿ’ ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಕ್ರಮ ಕೇಳುವುದು ದಂಗೆ ಅಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. ಬ್ಯಾಂಕಿಗೆ ಎರಡು ಕಡೆಯಿಂದಲೂ ‘ನಾವೇ ಅಧಿಕೃತ ಕಮಿಟಿ’ ಅಂತ ಪತ್ರ ಹೋಯಿತು. ಬ್ಯಾಂಕಿನವರು ಖಾತೆ ನಿಲ್ಲಿಸಿದರು. ವಾಚ್‌ಮನ್ ಸಂಬಳ ನಿಂತಿತು. ಪಾಸ್ಟರ್ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವಾರದಲ್ಲಿ ಅವರ ಮನೆ ಖಾಲಿ ಮಾಡಿಸುವ ಮಾತು ಬಂತು. ಸಹೋದರನ ಮೇಲೆ ಸಹೋದರ ಕೋರ್ಟಿಗೆ ಹೋಗಬಾರದು ಅಂತ ಹಿರಿಯರು ಎರಡು ತಿಂಗಳು ತಡೆದರು. ಜೂನ್ ಹೊತ್ತಿಗೆ ಒಂದು ಕಡೆಯವರು ತಡೆಯಾಜ್ಞೆ ಕೇಳಿ ಸಿವಿಲ್ ಕೋರ್ಟಿಗೆ ಹೋದರು.

ಅಲ್ಲಿ ಏನು ವಾದ ಗೊತ್ತಾ? ಮುಂದಿನ ತಾರೀಕಿನಿಂದ ಅಂತ ಕೊಟ್ಟ ರಾಜೀನಾಮೆಯನ್ನು ಆ ತಾರೀಕು ಬರುವ ಮುಂಚೆ ವಾಪಸ್ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1978ರಲ್ಲಿ, ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಯ ವಿಷಯದಲ್ಲಿ ಹೇಳಿದೆ. ಗೋಪಾಲ್ ಚಂದ್ರ ಮಿಶ್ರಾ ಕೇಸು. ಈಸ್ಟರ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಅದೇ ಇಲ್ಲಿಗೂ ಅಂತ ಒಬ್ಬ ವಕೀಲರು. ಪಾಸ್ಟರ್ ನ್ಯಾಯಮೂರ್ತಿ ಅಲ್ಲ, ನಿಮ್ಮ ಸಂಘದ ನಿಯಮ ಏನು ಹೇಳುತ್ತೆ ತೋರಿಸಿ ಅಂತ ಇನ್ನೊಬ್ಬರು. ತೋರಿಸಲು ನಮ್ಮಲ್ಲಿ ಸಾಲೇ ಇಲ್ಲ. ಪಾಸ್ಟರ್ ಬರೆದ ಆ ಹಾಳೆಯನ್ನೂ ಕೋರ್ಟಿಗೆ ಕೊಟ್ಟಿದ್ದಾರೆ. ಅದರ ಹಿಂಬದಿಯಲ್ಲಿ ಯಾವುದೋ ಮಗು ನೋಹನ ನಾವೆ ಬಿಡಿಸಿದೆ, ಜೆರಾಕ್ಸಿನಲ್ಲಿ ಜಿರಾಫೆಯ ಕತ್ತು ಮಸುಕಾಗಿ ಕಾಣುತ್ತದೆ.

ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಾಯಿಸಿದ ಸಂಘ. ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ನಿಬಂಧಕರು (ರಿಜಿಸ್ಟ್ರಾರ್) ವಿಚಾರಣೆ ಮಾಡಬಹುದು, 25ನೇ ಸೆಕ್ಷನ್. ಕೋರ್ಟಿಗಿಂತ ಆ ದಾರಿ ಹಗುರ ಅಂತ ಕೆಲವರು ಹೋದೆವು. ಆಫೀಸಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಒಟ್ಟು ಸದಸ್ಯರು ಎಷ್ಟು?’ ಉತ್ತರ ಇರಲಿಲ್ಲ. ಕಮಿಟಿ ಪಟ್ಟಿ, ಲೆಕ್ಕಪತ್ರ ಪ್ರತಿ ವರ್ಷ ಸಲ್ಲಿಸಬೇಕು. ನಾವು ನಾಲ್ಕು ವರ್ಷದಿಂದ ಸಲ್ಲಿಸಿರಲಿಲ್ಲ.

ಕೋರ್ಟಿನ ತೀರ್ಪು ಬಂದರೆ ಶಾಂತಿ ಬರುತ್ತೆ ಅಂತ ಕಾಯುವವರಿಗೆ, ಎರಡು ಪಕ್ಷವಾಗಿ ಒಡೆದಿರುವ ಕೇರಳದ ಮಲಂಕರ ಸಭೆಯ ಕಡೆ ನೋಡಿ ಅನ್ನುತ್ತೇನೆ. ಆ ಸಭೆಯ 1934ರ ಸಂವಿಧಾನದ ಪ್ರಕಾರವೇ ಇಗರ್ಜಿಗಳು ನಡೆಯಬೇಕು ಅಂತ 2017ರ ಜುಲೈ 3ರಂದು ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೂ ಇಗರ್ಜಿಯ ಬಾಗಿಲಲ್ಲಿ ಪೊಲೀಸರು ನಿಲ್ಲಬೇಕಾಯಿತು.

ಆದ್ದರಿಂದ ನಿಮ್ಮ ಪಾಸ್ಟರ್ ಮೇಲೆ ಎಲ್ಲರಿಗೂ ಪ್ರೀತಿ ಇರುವಾಗಲೇ ಬೈಲಾಕ್ಕೆ ನಾಲ್ಕು ಸಾಲು ಸೇರಿಸಿ. ರಾಜೀನಾಮೆ ಯಾರ ಹೆಸರಿಗೆ ಬರೆಯಬೇಕು, ಯಾರು ಎಷ್ಟು ದಿನದೊಳಗೆ ಅಂಗೀಕರಿಸಬೇಕು, ಯಾವಾಗಿನ ತನಕ ವಾಪಸ್ ತೆಗೆದುಕೊಳ್ಳಬಹುದು, ಆ ಮೀಟಿಂಗಿಗೆ ಅಧ್ಯಕ್ಷರು ಯಾರು. ಪತ್ರ ಬಂದರೆ ಅವತ್ತೇ ತಾರೀಕು, ಸಮಯ ಹಾಕಿ ಸ್ವೀಕೃತಿ ಕೊಡಿ. ಪಾಸ್ಟರ್‌ಗಳೇ, ವಾಪಸ್ ತೆಗೆದುಕೊಳ್ಳುವುದಿದ್ದರೆ ದಯವಿಟ್ಟು ಬರೆದೇ ಕೊಡಿ. ಮಿನಿಟ್ಸ್ ಪುಸ್ತಕ ಬೈಕಿನ ಸೀಟಿನ ಮೇಲೆ ಬಂದರೆ ಸಹಿ ಹಾಕಬೇಡಿ.

ನಮ್ಮ ಪಾಸ್ಟರ್ ಆ ವರ್ಷವೇ ಕುಟುಂಬದ ಜೊತೆ ಬೇರೆ ಊರಿಗೆ ಹೋದರು. ಹಾಲ್ ಒಂದೇ, ಈಗ ಆರಾಧನೆ ಎರಡು, 8 ಗಂಟೆಗೆ ಒಂದು, 11ಕ್ಕೆ ಒಂದು. ಹೊಸ ಬೈಲಾ ಕರಡು ಸಿದ್ಧವಾಗಿದೆ. ಪಾಸ್ ಮಾಡಬೇಕಾದರೆ ಸದಸ್ಯರು ಯಾರು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ 8ರ ಆರಾಧನೆಯಿಂದ ಒಬ್ಬರು, 11ರಿಂದ ನಾನು, ಒಂದೇ ಬೈಕಿನಲ್ಲಿ ಮನೆ ಮನೆಗೆ ಹೋಗಿ ಹೆಸರು ಬರೆದುಕೊಳ್ಳುತ್ತಿದ್ದೇವೆ. ಈವರೆಗೆ 37 ಮನೆ ಆಗಿದೆ.