ಮೋಹನ ರಾಗಕ್ಕೆ ಯಾವ 303? ಮೂರನ್ನೂ ನುಡಿಸಿ ನೋಡಿದೆ

ಹಳೆಯ ಟೆಕ್ನೋ, ಆ್ಯಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಕೇಳುವವರಿಗೆ ಟಿಬಿ-303 ಗೊತ್ತೇ ಇರುತ್ತದೆ. ಬೇಸ್ ಸದ್ದು ಹುಟ್ಟಿಸುವ ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ. ಒಂದು ಸಲಕ್ಕೆ ಒಂದೇ ಸ್ವರ. ಹದಿನಾರು ಹೆಜ್ಜೆಯ, ಅಂದರೆ ಹದಿನಾರು ಸಮ ಕಾಲಭಾಗದ ಒಂದು ಸಾಲು ಬರೆದುಕೊಟ್ಟರೆ ಅದನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿಯಲ್ಲಿ ತಡಾವೊ ಕಿಕುಮೊಟೊ ಇದನ್ನು ರೂಪಿಸಿದರು. ಬೇಸ್ ಗಿಟಾರ್ ನುಡಿಸುವವರು ಸಿಗದಿದ್ದಾಗ ಒಬ್ಬರೇ ಕೂತು ಅಭ್ಯಾಸ ಮಾಡಲಿ ಅಂತ ಮಾಡಿದ್ದು. ಆದರೆ ಅದು ಬೇಸ್ ಗಿಟಾರಿನ ಹಾಗೆ ಕೇಳಿಸಲೇ ಇಲ್ಲ. ಸುಮಾರು 10,000 ಪೆಟ್ಟಿಗೆ ಮಾಡಿ 1984ರಲ್ಲಿ ನಿಲ್ಲಿಸಿಬಿಟ್ಟರು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿತು. ಚಿಕಾಗೋದ ಫ್ಯೂಚರ್ ತಂಡದ ಹುಡುಗರು ಅಂಥದ್ದೊಂದನ್ನು ಹಿಡಿದು, ಸಾಲು ಓಡುತ್ತಿರುವಾಗಲೇ ಅದರ ನಾಬ್‌ಗಳನ್ನು ತಿರುಗಿಸುತ್ತಾ ಹೋದರು. 1987ರಲ್ಲಿ ಅವರ ರೆಕಾರ್ಡ್ ಬಂತು. ಆ ಕುಯ್ಯೋ ಮರ್ರೋ ಸದ್ದಿಗೆ ಆ್ಯಸಿಡ್ ಅನ್ನುವ ಹೆಸರು ನಿಂತಿತು.

ನನಗೆ ಇದಕ್ಕಿಂತ ಮುಖ್ಯವಾದದ್ದು ಅದಕ್ಕೂ ಐದು ವರ್ಷ ಹಿಂದಿನ ಮಾತು. 1982ರಲ್ಲೇ ಬೊಂಬಾಯಿಯ ಚರಣ್‌ಜಿತ್ ಸಿಂಗ್ ಅವರು ಇದೇ 303, ಟಿಆರ್-808 ಡ್ರಮ್ ಯಂತ್ರ ಮತ್ತು ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ನಡೆಗೆ ನುಡಿಸಿದ್ದರು. ಅವರು ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಕಲಾವಿದರು. ಆಗ ಆ ರೆಕಾರ್ಡನ್ನು ಕೇಳಿದವರು ಕಡಿಮೆ. 2010ರಲ್ಲಿ ಮತ್ತೆ ಅಚ್ಚಾದ ಮೇಲೆ ಜಗತ್ತೇ ಬೆರಗಾಯಿತು. ಅದರಲ್ಲಿ ಹಿಂದೂಸ್ತಾನಿಯ ಭೂಪಾಲಿ ಇದೆ, ಅಂದರೆ ನಮ್ಮ ಕರ್ನಾಟಕ ಸಂಗೀತದ ಮೋಹನ. ಮಾಲ್‌ಕೌಂಸ್ ಇದೆ, ನಮ್ಮ ಹಿಂದೋಳ. ಬೈರಾಗಿ ಇದೆ, ನಮ್ಮ ರೇವತಿ. 2015ರಲ್ಲಿ ಅವರು ತೀರಿಕೊಂಡರು. ಅವರ ಹೆಸರು ಹೇಳದೆ ಯಾರಾದರೂ ಈ ಯಂತ್ರದ ಕಥೆ ಹೇಳಿದರೆ ನನಗೆ ಸಂಕಟವಾಗುತ್ತದೆ.

ನಾನು ತುಮಕೂರಿನವನು. ಸುತ್ತಲ ಹಳ್ಳಿಗಳಲ್ಲಿ ನಡೆಯುವ ಪೌರಾಣಿಕ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಕಾಲು ಹಾರ್ಮೋನಿಯಂ ಇಲ್ಲದೆ ಇಲ್ಲಿ ನಾಟಕ ಶುರುವಾಗುವುದಿಲ್ಲ. ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಪಕ್ಕದಲ್ಲಿ ನನ್ನ ಕೀಬೋರ್ಡು, ಅದರ ಪಕ್ಕ ರಿದಮ್ ಪ್ಯಾಡು. ಕುರುಕ್ಷೇತ್ರದ ಗದಾಯುದ್ಧಕ್ಕೆ 303ರ ಸದ್ದು ತರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹಳೆಯ ಅಸಲಿ ಯಂತ್ರಕ್ಕೆ ಈಗ ಲಕ್ಷಗಳ ಮಾತು. ನಾಲ್ಕು ದಶಕ ದಾಟಿದ ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಳ್ಳಿ ಹಳ್ಳಿ ತಿರುಗಿಸುವುದೂ ಸರಿಯಲ್ಲ. ಹಾಗಾಗಿ ಉಳಿದ ಮೂರು ದಾರಿಗಳನ್ನು ನೋಡಿದೆ. ರೋಲ್ಯಾಂಡ್‌ನವರೇ 2016ರಲ್ಲಿ ತಂದ ಟಿಬಿ-03 ಒಂದು. ಬೆಂಗಳೂರಿನ ಗೆಳೆಯರೊಬ್ಬರು ಕೊಟ್ಟಿದ್ದರು. ಬೆರಿಂಗರ್ 2019ರಲ್ಲಿ ತಂದ ಟಿಡಿ-3 ಇನ್ನೊಂದು; ಇದು ನನ್ನದೇ. ಮೂರನೆಯದು ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಜೆಸಿ303 ಅನ್ನುವ ಪ್ಲಗಿನ್, ಅಂದರೆ ಸಂಗೀತದ ಸಾಫ್ಟ್‌ವೇರಿನೊಳಗೆ ಓಡುವ ವಾದ್ಯ.

ಒಳಗಿನ ಕೆಲಸದಲ್ಲಿ ಮೂರೂ ಬೇರೆ ಬೇರೆ. ಟಿಡಿ-3ಯಲ್ಲಿ ಹಳೆಯದರ ಹಾಗೆಯೇ ಅನಲಾಗ್ ಸರ್ಕ್ಯೂಟ್ ಇದೆ. ಟಿಬಿ-03 ಡಿಜಿಟಲ್, ಹಳೆಯ ಸರ್ಕ್ಯೂಟು ಹೇಗೆ ನಡೆದುಕೊಳ್ಳುತ್ತದೋ ಅದನ್ನು ಲೆಕ್ಕದಲ್ಲಿ ಕಟ್ಟಿದ್ದಾರೆ. ಪ್ಲಗಿನ್ ಪೂರ್ತಿ ಸಾಫ್ಟ್‌ವೇರ್. ಅನಲಾಗ್ ಹೆಚ್ಚೋ ಡಿಜಿಟಲ್ ಹೆಚ್ಚೋ ಅಂತ ಜನ ವರ್ಷಗಟ್ಟಲೆ ಜಗಳ ಆಡುತ್ತಾರೆ. ರಾಗ ನುಡಿಸುವವರು ಮೊದಲು ನೋಡಬೇಕಾದ್ದು ಅದಲ್ಲ. ಜಾರು ಹೇಗಿದೆ ಅನ್ನುವುದು.

303ರಲ್ಲಿ ಒಂದು ಸ್ವರಕ್ಕೆ ಸ್ಲೈಡ್ ಗುರುತು ಹಾಕಿದರೆ ಅದು ಮುಂದಿನ ಸ್ವರ ಬರುವವರೆಗೂ ಉಸಿರು ಬಿಡುವುದಿಲ್ಲ. ಮುಂದಿನ ಸ್ವರವೂ ಹೊಸದಾಗಿ ಮೊಳಗುವುದಿಲ್ಲ, ಇದರಿಂದಲೇ ಅದಕ್ಕೆ ಜಾರಿಕೊಂಡು ಹೋಗುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಸುಮಾರು 60 ಮಿಲಿಸೆಕೆಂಡ್. ಪಕ್ಕದ ಸ್ವರವಾದರೂ ಅಷ್ಟೇ, ಮೇಲಿನ ಷಡ್ಜವಾದರೂ ಅಷ್ಟೇ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಒಂದು ಹೆಜ್ಜೆ 125 ಮಿಲಿಸೆಕೆಂಡ್. ಅಂದರೆ ಹೆಚ್ಚುಕಡಿಮೆ ಅರ್ಧ ಹೆಜ್ಜೆ ಜಾರುವುದರಲ್ಲೇ ಕಳೆಯುತ್ತದೆ. ಆ ವೇಗದಲ್ಲಿ ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ಎಷ್ಟು ಚೆನ್ನಾಗಿರುತ್ತದೆ ಅಂದರೆ, ಮನುಷ್ಯರು ಯಾರೋ ನುಡಿಸಿದ ಹಾಗೇ ಇರುತ್ತದೆ. ವೇಗವನ್ನು 60ಕ್ಕೆ ಇಳಿಸಿ ನೋಡಿ. ಹೆಜ್ಜೆ 250 ಮಿಲಿಸೆಕೆಂಡ್ ಆಯಿತು. ಕಾಲು ಭಾಗದಲ್ಲೇ ಜಾರು ಮುಗಿದು ಉಳಿದ ಮುಕ್ಕಾಲು ಸ್ವರ ಸಪ್ಪೆಯಾಗಿ ನಿಂತುಬಿಡುತ್ತದೆ.

ಇಲ್ಲಿ ಪ್ಲಗಿನ್ ಗೆಲ್ಲುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆಸ್ಟ್ರೇಲಿಯಾದ ರಾಬಿನ್ ವಿಟ್ಲ್ ಹಳೆಯ 303ಗಳನ್ನು ಬಿಚ್ಚಿ ಡೆವಿಲ್ ಫಿಶ್ ಅನ್ನುವ ಮಾರ್ಪಾಡು ಮಾಡಿಕೊಡುತ್ತಿದ್ದರು. ಸ್ಲೈಡಿನ ಹೊತ್ತನ್ನು ಹಿಗ್ಗಿಸುವ ನಾಬ್ ಅದರಲ್ಲಿತ್ತು. ಜೆಸಿ303 ಆ ಸೌಕರ್ಯವನ್ನೂ ಕೊಡುತ್ತದೆ. ವಿಳಂಬ ಕಾಲದಲ್ಲಿ ಜಾರನ್ನು ಉದ್ದ ಮಾಡಿ ಮೋಹನ ನುಡಿಸಿದೆ. ಮೈ ಜುಮ್ಮೆಂದಿತು. ಟಿಬಿ-03, ಟಿಡಿ-3 ಎರಡೂ ಹಳೆಯದರ ಜಾರಿಗೇ ಅಂಟಿಕೊಂಡಿವೆ. ನಡೆ ಚುರುಕಾಗಿದ್ದರೆ ಎರಡರ ನಡುವೆ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ.

ನಮ್ಮ ಮೇಷ್ಟ್ರಿಗೆ ಕೇಳಿಸಿದಾಗ ಅವರು ಕಣ್ಣು ಮುಚ್ಚಿ ತಾಳ ಹಾಕುತ್ತಾ ಕೂತಿದ್ದರು. ಆಮೇಲೆ, "ಜಾರು ಚೆನ್ನಾಗಿ ಕೊಡ್ತದೆ ಕಣಪ್ಪ. ಕಂಪಿತ ಬರಲ್ಲ ಅಲ್ವಾ?" ಅಂದರು. ಸ್ವರವನ್ನು ತೂಗುತ್ತಾ ನುಡಿಸುವ ಗಮಕ ಅದು. "ಇಲ್ಲ ಮೇಷ್ಟ್ರೇ, ಅದೊಂದು ಬರಲ್ಲ" ಅಂದೆ. ಕಂಪಿತವೇ ಜೀವಾಳವಾದ ತೋಡಿಯ ಗಾಂಧಾರವನ್ನು ಮೂರರಲ್ಲೂ ನುಡಿಸಿ ನೋಡಿದೆ. ಎರಡು ಸ್ವರಗಳ ನಡುವೆ ಹಿಂದೆ ಮುಂದೆ ಸ್ಲೈಡ್ ಹಾಕಿದರೆ ತೂಗಾಟದಂಥದ್ದು ಬರುತ್ತದೆ, ಆದರೆ ಅದು ತೋಡಿ ಅಲ್ಲ. ಮೋಹನ, ರೇವತಿ, ವಲಚಿ ಇಂಥ ಐದು ಸ್ವರದ ರಾಗಗಳಿಗೆ ಈ ಯಂತ್ರ ಸೊಗಸು. ಹಿಂದೋಳ ನುಡಿಸಿದರೆ ಹಿಂದೂಸ್ತಾನಿಯ ಮಾಲ್‌ಕೌಂಸ್ ಕಡೆಗೆ ವಾಲುತ್ತದೆ. ಕೆಟ್ಟದಾಗಿ ಕೇಳಿಸುವುದಿಲ್ಲ, ಬೇರೆ ಊರಿನ ಗಾಳಿ ಬೀಸುತ್ತದೆ ಅಷ್ಟೇ.

ಸ್ವರ ತುಂಬಿಸುವ ಕ್ರಮದ ಬಗ್ಗೆ ಜನ ದೂರುವುದು ಜಾಸ್ತಿ. ಹಳೆಯ 303ರಲ್ಲಿ ಮೊದಲು ಸ್ವರಗಳನ್ನು ಮಾತ್ರ ಒಂದಾದ ಮೇಲೆ ಒಂದು ಒತ್ತಬೇಕು. ಆಮೇಲೆ ಬೇರೆಯಾಗಿ ಕಾಲ: ಇಲ್ಲಿ ಸ್ವರ, ಇಲ್ಲಿ ಎಳೆತ, ಇಲ್ಲಿ ಖಾಲಿ. ಗಿಟಾರ್ ಹಿಡಿದು ಬಂದವರಿಗೆ ಇದು ತಲೆನೋವು. ಸ್ವರಪ್ರಸ್ತಾರ ಬರೆದು ರೂಢಿಯಿರುವ ನಮಗೆ ಕಷ್ಟವೇ ಅಲ್ಲ. ಟಿಡಿ-3 ಇದೇ ಕ್ರಮ ಇಟ್ಟುಕೊಂಡಿದೆ, ಕಂಪ್ಯೂಟರಿಗೆ ಜೋಡಿಸಿ ತೆರೆಯ ಮೇಲೆ ಬರೆಯುವ ಅವಕಾಶವೂ ಇದೆ. ಟಿಬಿ-03 ಹಳೆಯ ಕ್ರಮದ ಜೊತೆಗೆ ಹೆಜ್ಜೆ ಹೆಜ್ಜೆಯಾಗಿ ತುಂಬಿಸುವ ಇನ್ನೊಂದು ದಾರಿ ಕೊಟ್ಟಿದೆ. ಪುಟ್ಟ ಡಿಸ್‌ಪ್ಲೇಯಲ್ಲಿ ಅಂಕಿ ತೋರಿಸುತ್ತದೆ. ನಾಟಕದ ಮಧ್ಯೆ, ಸೀನ್ ಬದಲಾಗುವ ಹೊತ್ತಲ್ಲಿ ಹೊಸ ಸಾಲು ತುಂಬಬೇಕಾದರೆ ಟಿಬಿ-03ಯೇ ಬೇಗ.

ಸಾಲು ಹದಿನಾರು ಹೆಜ್ಜೆಯದೇ ಆಗಬೇಕಿಲ್ಲ. ಎರಡೂ ಪೆಟ್ಟಿಗೆಯಲ್ಲಿ ಕಮ್ಮಿ ಮಾಡಬಹುದು. ಆದಿತಾಳಕ್ಕೆ ಹದಿನಾರು ಸರಿಯಾಗಿ ಕೂರುತ್ತದೆ. ಮಿಶ್ರಛಾಪಿಗೆ 14, ಖಂಡಛಾಪಿಗೆ 10 ಮಾಡಿಕೊಳ್ಳಿ. ಮಿಶ್ರಛಾಪಿನಲ್ಲಿ ಓಡುವ 303 ಕೇಳಿಯೇ ನೋಡಬೇಕು.

ಆ್ಯಕ್ಸೆಂಟ್ ಬಗ್ಗೆ ಒಂದು ಮಾತು. ಒತ್ತು ಕೊಟ್ಟ ಸ್ವರ ಜೋರಾಗುತ್ತದೆ, ಮೇಲಿನ ಸದ್ದನ್ನು ತಡೆಯುವ ಫಿಲ್ಟರ್ ಕೂಡ ಜಾಸ್ತಿ ತೆರೆದುಕೊಳ್ಳುತ್ತದೆ. ಹಳೆಯ ಸರ್ಕ್ಯೂಟಿನಲ್ಲಿ ಒತ್ತುಗಳು ಸಾಲಾಗಿ ಬಂದರೆ ವಿದ್ಯುತ್ ಹಿಡಿದಿಡುವ ಒಂದು ಕೆಪ್ಯಾಸಿಟರ್ ಪೂರ್ತಿ ಖಾಲಿಯಾಗುವ ಮೊದಲೇ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಎರಡನೆಯ ಒತ್ತು ಮೊದಲನೆಯದಕ್ಕಿಂತ, ಮೂರನೆಯದು ಎರಡನೆಯದಕ್ಕಿಂತ ಮೇಲೇರುತ್ತದೆ. 303 ಕೂಗುವುದು ಇಲ್ಲೇ. ಈ ಏರಿಕೆ ಟಿಡಿ-3ಯಲ್ಲಿ ನನಗೆ ತುಂಬ ಇಷ್ಟವಾಯಿತು. ಟಿಬಿ-03ಯಲ್ಲೂ ಬರುತ್ತದೆ, ಸ್ವಲ್ಪ ನಯವಾಗಿ. ಪ್ಲಗಿನ್‌ನಲ್ಲಿ ಮೌಸ್ ಹಿಡಿದು ಒಂದೊಂದೇ ನಾಬ್ ತಿರುಗಿಸಬೇಕಲ್ಲ, ಅಲ್ಲಿ ನನಗೆ ಬೇಜಾರಾಯಿತು. ಫಿಲ್ಟರನ್ನು ತೆರೆದು ಮುಚ್ಚುವ ಕಟ್‌ಆಫ್ ಒಂದು ಕೈಯಲ್ಲಿ, ಅದನ್ನು ಚೀರಿಸುವ ರೆಸೊನೆನ್ಸ್ ಇನ್ನೊಂದು ಕೈಯಲ್ಲಿ ಇದ್ದರೇ ಈ ವಾದ್ಯ ವಾದ್ಯವಾಗುವುದು.

ಇನ್ನು ಬಯಲಿನ ವಿಷಯ. ಹಳ್ಳಿಯ ನಾಟಕಕ್ಕೆ ಹಾರ್ನ್ ಸ್ಪೀಕರ್ ಕಟ್ಟಿರುತ್ತಾರೆ. ಅದರಲ್ಲಿ ತಗ್ಗಿನ ಸದ್ದು ಹೊರಗೆ ಬರುವುದೇ ಇಲ್ಲ. ಆದರೆ 303ರ ಜೀವ ಇರುವುದು ಫಿಲ್ಟರಿನ ಚೀರಾಟದಲ್ಲಿ, ಅದು ನಡುವಿನ ಮತ್ತು ಮೇಲಿನ ಪಟ್ಟಿ. ಹಾರ್ನಿನಲ್ಲಿ ಅದು ಊರಾಚೆಗೂ ಕೇಳುತ್ತದೆ. ಸದ್ದನ್ನು ಒರಟು ಮಾಡುವ ಟಿಡಿ-3ಯ ಡಿಸ್ಟಾರ್ಷನ್ ಸ್ವಲ್ಪ ಏರಿಸಿ ಭೀಮ ಗದೆ ಎತ್ತುವಾಗ ಬಿಟ್ಟರೆ ಮುಂದಿನ ಸಾಲಿನ ಮಕ್ಕಳು ಎದ್ದು ನಿಲ್ಲುತ್ತಾರೆ. ಟಿಬಿ-03ಯಲ್ಲೂ ಓವರ್‌ಡ್ರೈವ್ ಇದೆ, ಜೊತೆಗೆ ಡಿಲೇ ಇದೆ. ಡಿಲೇ ಮನೆಯಲ್ಲಿ ಸೊಗಸು. ಬಯಲಿನಲ್ಲಿ ಹಾರ್ನುಗಳೇ ಪ್ರತಿಧ್ವನಿ ಕೊಡುವುದರಿಂದ ಬೇಡ.

ಕರೆಂಟಿನಲ್ಲಿ ಟಿಬಿ-03 ಮುಂದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಟಿಡಿ-3ಗೆ 9 ವೋಲ್ಟ್ ಅಡಾಪ್ಟರ್ ಬೇಕೇ ಬೇಕು. ಜನರೇಟರಿನ ಮೇಲೆ ನಡೆಯುವ ನಾಟಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಲ್ಯಾಪ್‌ಟಾಪಿನದು ಇನ್ನೊಂದು ಗೋಳು: ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಶುರು. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿದರೆ ನಿಲ್ಲುತ್ತದೆ, ಆದರೆ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರಕ್ಕೆ ಬ್ಯಾಟರಿ ಎಲ್ಲಿ ಸಾಲಬೇಕು?

ಶ್ರುತಿ ಹೊಂದಿಸುವುದು ಮೂರರಲ್ಲೂ ಸುಲಭ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿಕೊಂಡು ಟ್ಯೂನಿಂಗ್ ನಾಬ್ ತಿರುಗಿಸುವುದು. ಅನಲಾಗ್ ಆದ್ದರಿಂದ ಟಿಡಿ-3ಯನ್ನು ನಾಟಕಕ್ಕೆ ಮುಂಚೆಯೇ ಆನ್ ಮಾಡಿ ಸ್ವಲ್ಪ ಬೆಚ್ಚಗಾಗಲು ಬಿಟ್ಟು ಆಮೇಲೆ ಶ್ರುತಿ ಮಾಡುತ್ತೇನೆ.

ದುಡ್ಡು ನೋಡಿದರೆ ಟಿಬಿ-03 ದುಬಾರಿ, ಟಿಡಿ-3 ಅದರ ಅರ್ಧಕ್ಕಿಂತ ಕಡಿಮೆ, ಪ್ಲಗಿನ್ ಪುಕ್ಕಟೆ. ಹೊಸದಾಗಿ ಕಲಿಯುವವರು ಸುಮ್ನೆ ಜೆಸಿ303 ಹಾಕಿಕೊಳ್ಳಿ. ವಿಳಂಬದಲ್ಲಿ ರಾಗ ನುಡಿಸುವ ಆಸೆ ಇದ್ದರೆ ಕಲಿತ ಮೇಲೂ ಅದನ್ನು ಬಿಡಬೇಡಿ. ಮೇಳ, ಜಾತ್ರೆ ಅಂತ ಕರೆಂಟ್ ಇಲ್ಲದ ಕಡೆ ತಿರುಗುವವರಿಗೆ ಟಿಬಿ-03. ನಾನು ಟಿಡಿ-3 ಇಟ್ಟುಕೊಂಡೆ. ಆ ಆ್ಯಕ್ಸೆಂಟಿನ ಏರಿಕೆಗಾಗಿ, ಹಾರ್ನಿನಲ್ಲಿ ಅದು ಕೂಗುವ ಕೂಗಿಗಾಗಿ.

ಯಾವುದನ್ನು ತಂದರೂ ಮೊದಲು ಈ ಮೋಹನದ ಸಾಲು ತುಂಬಿ ನೋಡಿ. ಗೀಟು ಇರುವ ಕಡೆ ಖಾಲಿ, ಒಂಬತ್ತನೆಯದು ಮೇಲಿನ ಷಡ್ಜ:

ಸ ಸ – ಗ | ಪ ಪ – ದ | ಸ ದ ಪ – | ಗ ರಿ – ಸ

ನಾಲ್ಕರಿಂದ ಐದಕ್ಕೆ, ಎಂಟರಿಂದ ಒಂಬತ್ತಕ್ಕೆ, ಹದಿಮೂರರಿಂದ ಹದಿನಾಲ್ಕಕ್ಕೆ ಸ್ಲೈಡ್. ಐದು, ಆರು, ಒಂಬತ್ತರ ಮೇಲೆ ಆ್ಯಕ್ಸೆಂಟ್. ವೇಗ 120. ಡಿಕೇ, ಅಂದರೆ ತೆರೆದ ಫಿಲ್ಟರ್ ಮತ್ತೆ ಮುಚ್ಚಿಕೊಳ್ಳುವ ಹೊತ್ತು, ಕಡಿಮೆ ಇಡಿ, ರೆಸೊನೆನ್ಸ್ ಮುಕ್ಕಾಲು ಏರಿಸಿ, ಕಟ್‌ಆಫನ್ನು ಪೂರ್ತಿ ಮುಚ್ಚಿದ ಜಾಗದಿಂದ ನಿಧಾನವಾಗಿ ತೆರೆಯುತ್ತಾ ಬನ್ನಿ.