ಮೊದಲೇ ಕೊಟ್ಟ ವಿಷಯವೋ, 15 ನಿಮಿಷದ ತಯಾರಿಯೋ?

ಚರ್ಚಾ ಸ್ಪರ್ಧೆಗೆ ಇಳಿಯುವ ಕಾಲೇಜು ವಿದ್ಯಾರ್ಥಿಗಳ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ನಮ್ಮ ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಹೆಚ್ಚಾಗಿ ವಿಷಯ ಮೊದಲೇ ಗೊತ್ತಿರುತ್ತದೆ. ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಿ ಹಾಗಲ್ಲ. ಅಲ್ಲಿ ಇಬ್ಬಿಬ್ಬರ ನಾಲ್ಕು ತಂಡ. ವಿಷಯ ಕೊಟ್ಟು 15 ನಿಮಿಷಕ್ಕೆ ಚರ್ಚೆ ಶುರು. ಒಬ್ಬೊಬ್ಬರಿಗೆ ಸಾಮಾನ್ಯವಾಗಿ 7 ನಿಮಿಷ.

ಮೊದಲನೆಯದರಲ್ಲಿ ಸಮಯ ಧಾರಾಳ. ಅದಕ್ಕೇ ಇಡೀ ಭಾಷಣ ಬರೆದು ಬಾಯಿಪಾಠ ಮಾಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒಂದು ಸಾಲು ಮರೆತರೆ ಮುಂದಿನದೂ ಕೈಕೊಡುತ್ತದೆ. ‘ಶಾಲೆಗೆ ಮೊಬೈಲ್ ಬೇಡ’ ಎಂಬುದು ವಿಷಯವಾದರೆ, ಮೊದಲು ಎದುರಾಳಿಯ ಭಾಷಣವನ್ನೇ ಬರೆದು ನೋಡಿ. ಮನೆ ದೂರ ಇರುವ ಮಗು ಅಪ್ಪ ಅಮ್ಮನಿಗೆ ಹೇಗೆ ತಿಳಿಸಬೇಕು ಎಂದು ಅವರು ಕೇಳೇ ಕೇಳುತ್ತಾರೆ, ಅಲ್ವಾ? ಅದಕ್ಕೆ ಉತ್ತರ ಸಿಕ್ಕ ಮೇಲೆ ನಿಮ್ಮ ಮೂರು ವಾದ, ಮೂರು ಉದಾಹರಣೆ ಚೀಟಿಯಲ್ಲಿ ಬರೆದುಕೊಳ್ಳಿ. ಸಾಕು.

ಎರಡನೆಯದಕ್ಕೆ ದಿನವೂ ಪತ್ರಿಕೆ ಓದಬೇಕು. ಗಡಿಯಾರ ಇಟ್ಟುಕೊಂಡು ಜೊತೆಗಾರರ ಜೊತೆ ಅಭ್ಯಾಸ ಮಾಡಬೇಕು. ನಿಮ್ಮ ಭಾಷಣದ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರು ಪಕ್ಷದವರು ಎದ್ದು ಪ್ರಶ್ನೆ ಕೇಳಬಹುದು. ಅಭ್ಯಾಸದಲ್ಲೂ ಗೆಳೆಯರಿಂದ ಹಾಗೆ ಕೇಳಿಸಿಕೊಳ್ಳಿ.

ವೇದಿಕೆಯ ಭಯ ಜಾಸ್ತಿ ಇದ್ದರೆ ಮೊದಲನೆಯದರಿಂದ ಶುರು ಮಾಡಿ. ಆದರೆ ಒಳ್ಳೆಯ ಜೊತೆಗಾರ ಸಿಕ್ಕಿದ್ದರೆ ಕಾಯಬೇಡಿ, ಎರಡನೆಯದಕ್ಕೇ ಹೆಸರು ಕೊಡಿ.